ಕರಿಯನ ಮುಖದಲ್ಲಿ ಏನು ಬರೆದಿತ್ತು?

ನನಗಾಗ ಹತ್ತು ವರ್ಷ. ಬೇಸಿಗೆ ರಜೆಗೆಂದು ಮದ್ದೂರು ತಾಲ್ಲೂಕಿನ ತಾತನ ಮನೆಗೆ ಹೋಗಿದ್ದೆ. ಕಾವಿಗೆ ಕೂರಿಸಲು ಅಜ್ಜಿ ಕೂಡಿಟ್ಟಿದ್ದ ಮೊಟ್ಟೆಗಳಲ್ಲಿ ನಾಲ್ಕು ಒಂದು ಬೆಳಗ್ಗೆ ಕಾಣೆಯಾಗಿದ್ದವು. ಕುಕ್ಕೆ ಮಗುಚಿಬಿದ್ದಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಒಂದೆರಡು ಸಿಪ್ಪೆಯ ಚೂರುಗಳಿದ್ದವು. ತಾತ ಬಾರುಕೋಲು ಹಿಡಿದು ಜಗಲಿಗೆ ಬಂದು ಮನೆಯ ನಾಯಿ ಕರಿಯನನ್ನು ಕೂಗಿದರು. ಕರಿಯ ಬಂದ. ಆದರೆ ಯಾವಾಗಲೂ ಬರುವಂತೆ ಓಡಿ ಬರಲಿಲ್ಲ. ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಬೆನ್ನು ತಗ್ಗಿಸಿ, ಬಾಲವನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು ತೆವಳುವವನಂತೆ ಬಂದ. ತಾತ ಖಾಲಿ ಕುಕ್ಕೆಯನ್ನು ಅವನ ಮೂತಿಗೆ ಹಿಡಿದರು. ಅವನು ಮುಖ ಪಕ್ಕಕ್ಕೆ ತಿರುಗಿಸಿ, ನಾಲಿಗೆಯಿಂದ ಮೂಗನ್ನೊಮ್ಮೆ ಸವರಿಕೊಂಡು, ನೆಲಕ್ಕೆ ಬಿದ್ದು ಹೊಟ್ಟೆ ತೋರಿಸಿದ. ಅಲ್ಲೇ ಒಂದೆರಡು ಹನಿ ಮೂತ್ರವೂ ಹೋಯಿತು.

"ನೋಡ್ಲಾ ಮಗ, ಮುಕ ನೋಡುದ್ರೇ ಗೊತ್ತಾಯ್ತದೆ. ತಿಂದಿರೋದು ಇವ್ನೇಯ" ಅಂದರು ತಾತ. ಬಾರುಕೋಲು ಬೀಸಿತು.

ಎರಡು ದಿನ ಬಿಟ್ಟು ಮತ್ತೆ ಮೊಟ್ಟೆ ಹೋದವು. ಈ ಸಲ ಕರಿಯ ಕರೆದರೂ ಬರಲಿಲ್ಲ. ರಾಗಿ ಮೂಟೆಗಳಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದ್ದ. ತಾತ ಹತ್ತಿರ ಹೋದಾಗ ಅವನು ದೊಡ್ಡದಾಗಿ ಆಕಳಿಸಿದ. "ಇವ್ನಿಗೆ ಈಗ ನಿದ್ದೆ ನೋಡಜ್ಜಿ" ಎಂದು ನಾನು ನಕ್ಕದ್ದು ಚೆನ್ನಾಗಿ ನೆನಪಿದೆ. ಆಮೇಲೆ ಅವನು ಅಲ್ಲಾಡದೆ ಕೂತುಬಿಟ್ಟ. ತಾತ ಕತ್ತಿನ ಹಗ್ಗಕ್ಕೆ ಕೈಹಾಕಿದರು. ಕರಿಯ ಅವರ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿದ.

"ಅನ್ನ ಇಕ್ಕಿದ ಕೈನೇ ಕಚ್ಚುದ್ನಲ್ಲ" ಎಂದು ಅಜ್ಜಿ ಅತ್ತರು. ಸಂಜೆಯೊಳಗೆ ಚಿಕ್ಕಪ್ಪ ಮತ್ತು ಪಕ್ಕದ ಮನೆಯವರು ಸೇರಿ ಅವನನ್ನು ಗೋಣಿಚೀಲಕ್ಕೆ ತುಂಬಿ ಶಿಂಷಾ ಹೊಳೆಯ ಆಚೆ ಬಿಟ್ಟು ಬಂದರು. ಮರುದಿನ ಆಸ್ಪತ್ರೆಯ ಡಾಕ್ಟರು, ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು ಎಂದರು. ಗಮನಿಸಲು ನಾಯಿಯೇ ಇರಲಿಲ್ಲ. ತಾತ ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡರು.

ನಮ್ಮ ಮನೆಯಲ್ಲಿ ಈ ಕತೆ ಇಂದಿಗೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಕರಿಯ ಏಕಾಏಕಿ ಕಚ್ಚಿಬಿಟ್ಟ. ಆ "ಏಕಾಏಕಿ" ಎಂಬ ಮಾತು ಎಷ್ಟು ನಿಜ ಎಂದು ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ ಚರಿತ್ರೆ ಇದು.

*

ನಾಯಿಯ ಮೈ ಏನನ್ನೋ ಹೇಳುತ್ತದೆ ಎಂಬುದು ನಮ್ಮವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕನ್ನಡವೇ ಅದಕ್ಕೆ ಸಾಕ್ಷಿ. ಸೋತವನು ಬಾಲ ಮುದುರಿಕೊಂಡು ಹೋಗುತ್ತಾನೆ. ಹೊಗಳುಭಟ್ಟ ಬಾಲ ಅಲ್ಲಾಡಿಸುತ್ತಾನೆ. ಅಧಿಕಪ್ರಸಂಗ ಮಾಡುವವನಿಗೆ "ನನ್ನ ಹತ್ರ ಬಾಲ ಬಿಚ್ಬೇಡ" ಎನ್ನುತ್ತೇವೆ. ಕುತೂಹಲ ಬಂದರೆ ಕಿವಿ ನಿಮಿರುತ್ತದೆ. ಭಯ, ವಿಧೇಯತೆ, ಧಿಮಾಕು, ಗಮನ ಈ ನಾಲ್ಕಕ್ಕೂ ಪ್ರಾಣಿಯ ಮೈಯಿಂದಲೇ ಮಾತು ಎರವಲು ಪಡೆದಿದ್ದೇವೆ. ಆದರೆ ಆ ಮಾತುಗಳನ್ನು ಮನುಷ್ಯರನ್ನು ಬೈಯಲು ಬಳಸಿಕೊಂಡೆವೇ ಹೊರತು ನಾಯಿಯ ಕಡೆಗೆ ತಿರುಗಿ ನೋಡಲಿಲ್ಲ. ನಾಯಿಯನ್ನು ಓದಲು ನಾವು ಇಟ್ಟುಕೊಂಡದ್ದು "ಬೊಗಳೋ ನಾಯಿ ಕಚ್ಚಲ್ಲ" ಎಂಬ ಗಾದೆಯನ್ನು. ಅದು ಪೂರ್ತಿ ತಪ್ಪು. ಹೆದರಿದ ನಾಯಿ ಬೊಗಳುತ್ತದೆ, ಹತ್ತಿರ ಹೋದರೆ ಕಚ್ಚಲೂ ಬಲ್ಲದು.

ಚರಿತ್ರೆಯಲ್ಲಿ ನಾಯಿಗೆ ದಕ್ಕಿದ ಜಾಗವೂ ಇಂಥದ್ದೇ. ತಾತನ ಊರಿನ ತಾಲ್ಲೂಕಿನಲ್ಲೇ ಇರುವ ಆತಕೂರಿನ ವೀರಗಲ್ಲನ್ನು ನಾನು ನೋಡಿದ್ದು ಮಾತ್ರ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 949-50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿ ಅದರಲ್ಲಿದೆ ಎಂಬ ಕಾರಣಕ್ಕೆ ಇತಿಹಾಸದ ವಿದ್ಯಾರ್ಥಿಗಳಿಗೆ ಅದು ಪರಿಚಿತ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಯುದ್ಧವನ್ನಲ್ಲ, ಹಂದಿಯೊಂದರ ಜೊತೆ ಸೆಣಸುತ್ತಿರುವ ನಾಯಿಯನ್ನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ರಾಜನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಬೇಟೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು.

ಸಾವಿರ ವರ್ಷ ಹಿಂದೆ ನಾಯಿಯೊಂದಕ್ಕೆ ಇಂಥ ಗೌರವ ಸಂದದ್ದು ಸಣ್ಣ ಮಾತಲ್ಲ. ಆದರೂ ಆ ಕಲ್ಲಿನ ಮುಂದೆ ನಿಂತಾಗ ನನಗೆ ಕರಿಯ ನೆನಪಾದ. ಕಲ್ಲಿಗೇರಬೇಕಾದರೆ ನಾಯಿ ಧೈರ್ಯವಂತನಾಗಿರಬೇಕು, ಯಜಮಾನನಿಗಾಗಿ ಸಾಯಬೇಕು. ಹೆದರಿದ ನಾಯಿಗೆ ಯಾರೂ ಕಲ್ಲು ನೆಡುವುದಿಲ್ಲ.

ಹೆದರಿದ ನಾಯಿಯ ಕತೆ ಇರುವುದು ಮಹಾಭಾರತದಲ್ಲಿ. ಯುಧಿಷ್ಠಿರನ ಹಿಂದೆ ಹಿಮಾಲಯ ಹತ್ತಿದ ಕೊನೆಯ ನಾಯಿ ಎಲ್ಲರಿಗೂ ಗೊತ್ತು. ಆದಿಪರ್ವದ ಮೊದಲ ಭಾಗದಲ್ಲೇ ಬರುವ ನಾಯಿಮರಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಜನಮೇಜಯ ಕುರುಕ್ಷೇತ್ರದಲ್ಲಿ ಯಜ್ಞ ಮಾಡುತ್ತಿರುವಾಗ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿಯ ಬಳಿ ಹೋದಾಗ ತಾಯಿಯೂ ಮೊದಲು ಹೇಳುವುದು, ನೀನೇನೋ ತಪ್ಪು ಮಾಡಿರಬೇಕು ಎಂದೇ. ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಜ್ಞಶಾಲೆಗೆ ಹೋಗಿ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ತಪ್ಪು ಮಾಡದವನನ್ನು ಹೊಡೆದಿರಿ, ಕಾಣದ ಭಯವೊಂದು ನಿಮಗೂ ಬರಲಿ ಎಂದು ಅವಳು ಶಪಿಸುತ್ತಾಳೆ. ರಾಜ ಕಳವಳಗೊಂಡು ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ.

ಸರಮೆಗೆ ಮಾತು ಬರುತ್ತಿತ್ತು. ಕರಿಯನಿಗೆ ಇದ್ದದ್ದು ಕಿವಿ, ಬಾಲ, ನಾಲಿಗೆ, ಬೆನ್ನು ಮಾತ್ರ. ಅವುಗಳನ್ನು ಕ್ರಮವಾಗಿ ಓದಲು ಮನುಷ್ಯ ಯಾವಾಗ ಕೂತ ಎಂದು ಕೇಳಿದರೆ, 19ನೆಯ ಶತಮಾನದ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ.

*

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಮನೆಯ ನಾಯಿಗಳಿಗೆ ದೊಡ್ಡ ಪಾತ್ರವಿದೆ. ಅವನ ದೊಡ್ಡ ನಾಯಿಯೊಂದಕ್ಕೆ ವಾಕಿಂಗ್ ಎಂದರೆ ಪ್ರಾಣ. ತಲೆಯೆತ್ತಿ, ಬಾಲ ಏರಿಸಿ ಮುಂದೆ ಮುಂದೆ ಓಡುತ್ತಿತ್ತು. ದಾರಿಯಲ್ಲಿ ಗಿಡ ಬೆಳೆಸುವ ಗಾಜಿನ ಮನೆಯ ಕಡೆಗೊಂದು ಕವಲಿತ್ತು. ಡಾರ್ವಿನ್ ಗಿಡಗಳನ್ನು ನೋಡಲು ಆ ಕಡೆ ಸ್ವಲ್ಪ ತಿರುಗಿದರೂ ಸಾಕು, ವಾಕಿಂಗ್ ತಪ್ಪಿತು ಎಂದು ನಾಯಿಯ ತಲೆ, ಕಿವಿ, ಬಾಲ ಎಲ್ಲ ಒಟ್ಟಿಗೆ ಜೋತುಬೀಳುತ್ತಿದ್ದವು. ಮನೆಯವರು ಅದಕ್ಕೆ "ಗಾಜಿನ ಮನೆ ಮುಖ" ಎಂದೇ ಹೆಸರಿಟ್ಟಿದ್ದರು.

ಇಂಥ ಮನೆಮಾತಿನಿಂದ ಹೊರಟು ಡಾರ್ವಿನ್ ಒಂದು ತತ್ತ್ವವನ್ನೇ ಕಟ್ಟಿದ. ಜಗಳಕ್ಕೆ ಸಿದ್ಧವಾದ ನಾಯಿ ನೇರ ನಿಂತು, ಬಾಲ ಸೆಟೆಸಿ, ಕತ್ತಿನ ಕೂದಲು ಎಬ್ಬಿಸಿ, ಕಿವಿ ಮುಂದಕ್ಕೆ ಚಾಚಿ ನೋಡುತ್ತದೆ. ಬಂದವನು ತನ್ನ ಯಜಮಾನ ಎಂದು ಗೊತ್ತಾದ ಕ್ಷಣ ಎಲ್ಲವೂ ತಿರುವುಮುರುವು: ಮೈ ಬಾಗುತ್ತದೆ, ಬಾಲ ತಗ್ಗಿ ಆಡುತ್ತದೆ, ಕೂದಲು ಮಲಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಒಂದು ಭಾವಕ್ಕೆ ಒಂದು ಭಂಗಿ ಇದ್ದರೆ ವಿರುದ್ಧ ಭಾವಕ್ಕೆ ವಿರುದ್ಧ ಭಂಗಿ ಬರುತ್ತದೆ ಎಂದ ಅವನು. ಬ್ರಿಟನ್ ರಿವಿಯೇರ್ ಎಂಬ ಚಿತ್ರಕಾರ ಬರೆದ ನಾಯಿಯ ಚಿತ್ರಗಳು ಇದಕ್ಕೆ ಜೊತೆಯಾಗಿವೆ.

ಆ ಎರಡನೆಯ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಡಾರ್ವಿನ್ ಅದನ್ನು ವಿನಯ ಮತ್ತು ಪ್ರೀತಿಯ ಭಂಗಿ ಎಂದ. ಬಾಗಿದ ಬೆನ್ನು, ಹಿಂದಕ್ಕೆ ಒತ್ತಿದ ಕಿವಿ, ತಗ್ಗಿದ ಬಾಲ. ಇದು ಪ್ರೀತಿ ಮಾತ್ರವೇ, ಒಂದು ಚಿಟಿಕೆ ಭಯವೂ ಬೆರೆತಿದೆಯೇ? ನಾಯಿಗಳ ನಡುವೆ ಬದುಕಿದ ಅಷ್ಟು ಸೂಕ್ಷ್ಮ ಕಣ್ಣಿಗೂ ಯಜಮಾನನ ಎದುರು ಬಾಗುವುದು ಸಹಜ ಪ್ರೀತಿಯಾಗಿ ಕಂಡಿತು. ಅದು ಡಾರ್ವಿನ್ ಒಬ್ಬನ ತಪ್ಪಲ್ಲ. ನಾಯಿಯನ್ನು ನೋಡುವ ಎಲ್ಲರೂ ಯಜಮಾನನ ಜಾಗದಲ್ಲೇ ನಿಂತು ನೋಡುತ್ತೇವೆ.

*

ಮುಂದಿನ ಪಾಠ ಬಂದದ್ದು ಒಂದು ಅನಾಹುತದಿಂದ. ಪಾವ್ಲೋವನ ನಾಯಿಗಳು ಎಂದ ಕೂಡಲೇ ನಮಗೆ ಗಂಟೆ ಮತ್ತು ಜೊಲ್ಲು ನೆನಪಾಗುತ್ತವೆ. ನಾಯಿಗಳ ಕೆನ್ನೆಗೆ ಶಸ್ತ್ರಚಿಕಿತ್ಸೆ ಮಾಡಿ, ಎಷ್ಟು ಹನಿ ಜೊಲ್ಲು ಬಂತು ಎಂದು ಎಣಿಸುತ್ತಿದ್ದ ಪ್ರಯೋಗಾಲಯ ಅದು. 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡಿನಲ್ಲಿ ನೇವಾ ನದಿ ಉಕ್ಕಿ ಊರೊಳಗೆ ನುಗ್ಗಿತು. ನಾಯಿಗಳ ಗೂಡುಗಳಿಗೆ ನೀರು ಏರಿತು. ಗೂಡಿನ ಬಾಗಿಲುಗಳು ಕೆಳಗಿದ್ದವು, ನಾಯಿಗಳು ಮೇಲಿನ ಗಾಳಿಗಾಗಿ ಮೂತಿ ಎತ್ತಿ ಈಜುತ್ತಿದ್ದವು. ಕೆಲಸದವರು ಅವುಗಳ ತಲೆಯನ್ನು ನೀರೊಳಗೆ ಅದುಮಿ ಬಾಗಿಲಿಂದ ಎಳೆದು ತೆಗೆದು, ಈಜಿಸಿಕೊಂಡು ಮುಖ್ಯ ಕಟ್ಟಡಕ್ಕೆ ಸೇರಿಸಿದರು.

ನಾಯಿಗಳು ಬದುಕಿದವು. ಆದರೆ ಪ್ರಯೋಗ ಮತ್ತೆ ಶುರುವಾದಾಗ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಕಳೆದುಕೊಂಡಿದ್ದವು. ಸಂಕೇತ ಕೊಟ್ಟರೆ ಜೊಲ್ಲಿಲ್ಲ, ಅನ್ನ ಇಟ್ಟರೆ ಮುಟ್ಟುತ್ತಿರಲಿಲ್ಲ. ಪಾವ್ಲೋವನ ಸಹಾಯಕ ಸ್ಪೆರಾನ್ಸ್ಕಿ ಅಂಥ ಒಂದು ನಾಯಿಯನ್ನು ಗಮನಿಸಿದ. ಪ್ರಯೋಗದ ಕೋಣೆಯಲ್ಲಿ ಅದನ್ನು ಒಂಟಿಯಾಗಿ ಬಿಡದೆ ಅವನು ಜೊತೆಗೆ ಕೂತರೆ ಕಲಿತದ್ದು ಮರಳುತ್ತಿತ್ತು. ನಿಧಾನವಾಗಿ ನಾಯಿ ಸುಧಾರಿಸಿತು. ಆಗ ಒಂದು ದಿನ ಬಾಗಿಲ ಸಂದಿಯಿಂದ ಕೋಣೆಯೊಳಗೆ ಸ್ವಲ್ಪವೇ ನೀರು ಹರಿಯಬಿಟ್ಟರು. ನಾಯಿ ಎದ್ದು ನಿಂತಿತು, ನೆಲವನ್ನೇ ನೋಡತೊಡಗಿತು, ಏದುಸಿರು ಬಿಟ್ಟಿತು, ಕಟ್ಟಿದ್ದ ಜಾಗದಿಂದ ಇಳಿಯಲು ಒದ್ದಾಡಿತು, ಅನ್ನ ಬಿಟ್ಟಿತು. ಕಲಿತದ್ದು ಮತ್ತೆ ಹೋಯಿತು.

ಭಯ ಆ ಕ್ಷಣದಲ್ಲಿ ಬಂದು ಹೋಗುವ ಮುಖಭಾವ ಮಾತ್ರವಲ್ಲ, ಅದಕ್ಕೆ ನೆನಪಿದೆ ಎಂದು ಇದರಿಂದ ಗೊತ್ತಾಯಿತು. ನೋಡುವವನಿಗೆ ಬಾಗಿಲಡಿ ಒಂದಿಷ್ಟು ನೀರು, ನಾಯಿಗೆ ಇಡೀ ಪ್ರವಾಹ. ಇದನ್ನು ಓದಿದ ದಿನ ನನಗೆ ಖಾಲಿ ಕುಕ್ಕೆ ಕಣ್ಮುಂದೆ ಬಂತು. ಎರಡನೆಯ ಸಲ ತಾತ ಬಾರುಕೋಲನ್ನೇ ತಂದಿರಲಿಲ್ಲ. ಕುಕ್ಕೆ ಮಾತ್ರ ಕೈಯಲ್ಲಿತ್ತು. ಕರಿಯನಿಗೆ ಅಷ್ಟೇ ಸಾಕಾಗಿತ್ತು.

*

20ನೆಯ ಶತಮಾನದ ನಡುವಿನಲ್ಲಿ ನಾಯಿಯನ್ನು ಅರಿಯಲು ತೋಳವನ್ನು ನೋಡುವ ಕ್ರಮ ಬಂತು. ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ವರ್ಷಗಟ್ಟಲೆ ನೋಡಿ 1947ರಲ್ಲಿ ದೊಡ್ಡ ಪ್ರಬಂಧ ಬರೆದ. ಬಾಲ, ಕಿವಿ, ತುಟಿ, ಹಣೆಯ ಸುಕ್ಕು ಒಂದೊಂದನ್ನೂ ಚಿತ್ರ ಸಮೇತ ದಾಖಲಿಸಿದ. ಆದರೆ ಅವು ಇಕ್ಕಟ್ಟಾದ ಬೇಲಿಯೊಳಗೆ ಕೂಡಿಹಾಕಿದ ತೋಳಗಳು. ಅವುಗಳ ಕಿತ್ತಾಟದಿಂದ ಹುಟ್ಟಿದ "ಮೇಲಾಳು-ಕೆಳಗಾಳು" ಎಂಬ ಚಿತ್ರ ಪುಸ್ತಕಗಳಿಂದ ಪುಸ್ತಕಗಳಿಗೆ ಹರಡಿತು. 1978ರಲ್ಲಿ ನ್ಯೂಯಾರ್ಕ್ ರಾಜ್ಯದ ಮಠವೊಂದರ ಸನ್ಯಾಸಿಗಳು ಬರೆದ ಜನಪ್ರಿಯ ಪುಸ್ತಕ, ಮಾತು ಕೇಳದ ನಾಯಿಯನ್ನು ಅಂಗಾತ ಕೆಡವಿ ಹಿಡಿಯಬೇಕು ಎಂದು ಹೇಳಿಕೊಟ್ಟಿತು. ಹಾಗೆ ಕೆಡವಿದಾಗ ನಾಯಿ ಸುಮ್ಮನಾಗುವುದನ್ನು ಕಂಡವರು ಅದಕ್ಕೆ ಬುದ್ಧಿ ಬಂತು ಎಂದುಕೊಂಡರು. ಅದು ಹೆದರಿ ಸೆಟೆದುಕೊಂಡದ್ದು. ಸನ್ಯಾಸಿಗಳು ಮುಂದೆ ಆ ಸಲಹೆಯನ್ನು ಹಿಂತೆಗೆದುಕೊಂಡರು. ತೋಳಗಳ ಬಗ್ಗೆ ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದ ಡೇವಿಡ್ ಮೀಚ್ ಕೂಡ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಜೊತೆ ಬೇಸಿಗೆಗಳನ್ನು ಕಳೆದು, ಹಿಂಡು ಎಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಎಂದು 1999ರಲ್ಲಿ ಬರೆದ.

ಈ ಕಾಲದಿಂದ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಕಾನ್ರಾಡ್ ಲೊರೆಂಜ್ ರಚಿಸಿದ ಮುಖಗಳ ಒಂದು ಕೋಷ್ಟಕ. ಒಂದು ದಿಕ್ಕಿಗೆ ಹೋದಂತೆ ಸಿಟ್ಟು ಏರುತ್ತದೆ, ಇನ್ನೊಂದು ದಿಕ್ಕಿಗೆ ಹೋದಂತೆ ಭಯ ಏರುತ್ತದೆ. ಎರಡೂ ಏರಿದ ಮೂಲೆಯಲ್ಲಿ, ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುವ ಮುಖವಿದೆ. ಭಯವೂ ಸಿಟ್ಟೂ ಒಂದೇ ಮುಖದಲ್ಲಿ ಇರಬಲ್ಲವು ಎಂದು ಆ ಚಿತ್ರ ಹೇಳುತ್ತದೆ. ಓಡಲು ದಾರಿಯಿದ್ದರೆ ಆ ನಾಯಿ ಓಡುತ್ತದೆ. ರಾಗಿ ಮೂಟೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದರೆ ಕಚ್ಚುತ್ತದೆ.

*

ಇನ್ನು ಉಳಿದದ್ದು ತಾತನ ತೀರ್ಪು. ಮುಖ ನೋಡಿದರೆ ತಪ್ಪು ಮಾಡಿದ್ದು ಗೊತ್ತಾಗುತ್ತದೆಯೇ?

2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. 14 ನಾಯಿಗಳು, ಅವುಗಳ ಯಜಮಾನರು. ಯಜಮಾನ ತಿಂಡಿಯೊಂದನ್ನು ತೋರಿಸಿ "ಮುಟ್ಟಬೇಡ" ಎಂದು ಹೇಳಿ ಕೋಣೆಯಿಂದ ಹೊರಹೋಗುತ್ತಾನೆ. ಅವನಿಲ್ಲದಾಗ ಪ್ರಯೋಗ ಮಾಡುವವರು ಕೆಲವು ಸಲ ತಿಂಡಿಯನ್ನು ತಾವೇ ನಾಯಿಗೆ ತಿನ್ನಿಸುತ್ತಾರೆ, ಕೆಲವು ಸಲ ತೆಗೆದಿಟ್ಟುಬಿಡುತ್ತಾರೆ. ಮರಳಿ ಬಂದ ಯಜಮಾನನಿಗೆ ಒಮ್ಮೆ ನಿಜ ಹೇಳುತ್ತಾರೆ, ಒಮ್ಮೆ ಸುಳ್ಳು. ನಾಯಿ ತಿಂದಿದೆ ಎಂದು ನಂಬಿದವನು ಗದರುತ್ತಾನೆ. ಕಣ್ಣು ತಪ್ಪಿಸುವುದು, ಕಿವಿ ತಗ್ಗಿಸುವುದು, ಬಾಲ ಮುದುರುವುದು, ಹೊಟ್ಟೆ ತೋರಿಸುವುದು, ತುಟಿ ನೆಕ್ಕುವುದು ಮುಂತಾದ "ತಪ್ಪಿತಸ್ಥನ ಮುಖ"ದ ಗುರುತುಗಳನ್ನು ಎಣಿಸಿದರು. ನಾಯಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ಸಂಬಂಧ ಇದ್ದದ್ದು ಗದರಿದ್ದಕ್ಕೆ. ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಆ ಮುಖ ಹೆಚ್ಚು ಎದ್ದು ಕಂಡಿತು.

ಸರಮೆಯ ಮರಿ ಹೇಳಿದ್ದು ಇದನ್ನೇ.

ಈಗ ಕರಿಯನ ಆ ಎರಡು ಬೆಳಗುಗಳನ್ನು ಮತ್ತೆ ಓದಬಹುದು. ಮೂಗು ಸವರಿದ ನಾಲಿಗೆ ಮೊಟ್ಟೆಯ ರುಚಿಯನ್ನು ನೆನೆದದ್ದಲ್ಲ, ಆತಂಕದ ಗುರುತು. ಮುಖ ತಿರುಗಿಸಿದ್ದು ನಾಚಿಕೆಯಲ್ಲ, ಜಗಳ ಬೇಡ ಎಂಬ ಬೇಡಿಕೆ. ನೆಲಕ್ಕೆ ಬಿದ್ದು ಮೂತ್ರ ಬಿಟ್ಟದ್ದು ಮರಿಗಳು ದೊಡ್ಡವರ ಮುಂದೆ ಮಾಡುವ ಶರಣಾಗತಿ. ಇಷ್ಟು ಹೇಳಿದ ಮೇಲೂ ಪೆಟ್ಟು ಬಿತ್ತು. ಎರಡನೆಯ ಸಲ ಅವನು ದೂರ ಹೋಗಿ ಕೂತ. ಹತ್ತಿರ ಬಂದಾಗ ಆಕಳಿಸಿದ. ನಿದ್ದೆಯಿಲ್ಲದ ಹೊತ್ತಿನ ಆಕಳಿಕೆ ಒತ್ತಡದ್ದು. ಆಮೇಲೆ ಮೈ ಸೆಟೆದು ನಿಂತುಹೋಯಿತು. ನಾಯಿಯ ಮಾತಿನಲ್ಲಿ ಅದು ಕೊನೆಯ ವಾಕ್ಯಗಳಲ್ಲೊಂದು. ಹಾಗೆ ಸ್ತಬ್ಧವಾದ ನಾಯಿಗೆ ಕೈಚಾಚಬಾರದು. ಗುರ್ರ್ ಎಂದರೆ ಪೆಟ್ಟು ಬೀಳುತ್ತದೆ ಎಂದು ಕಲಿತ ನಾಯಿ ಗುರ್ರ್ ಎನ್ನುವುದನ್ನೂ ಬಿಡುತ್ತದೆ. ಕರಿಯ ಗುರುಗುಟ್ಟಿದ್ದು ನನಗೆ ನೆನಪಿಲ್ಲ.

ಮನುಷ್ಯನ ಕಣ್ಣಿಗೆ ಇದು ತಾನಾಗಿ ಬರುವ ವಿದ್ಯೆಯಲ್ಲ. ಹಲ್ಲು ತೋರಿಸುತ್ತಿರುವ ನಾಯಿಯ ಚಿತ್ರ ಕಂಡು ಚಿಕ್ಕಮಕ್ಕಳು ಅದು ನಗುತ್ತಿದೆ ಎನ್ನುತ್ತಾರೆ ಎಂದು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಬಾಲ ಆಡಿದರೆಲ್ಲ ಸ್ನೇಹವೂ ಅಲ್ಲ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳ ಬಾಲವನ್ನು ಅಳೆದು ನೋಡಿದಾಗ, ಯಜಮಾನನನ್ನು ಕಂಡರೆ ಅದು ಬಲಕ್ಕೆ ಹೆಚ್ಚು ವಾಲಿ ಆಡುತ್ತಿತ್ತು. ಅಪರಿಚಿತ ಜಬರ್ದಸ್ತಿನ ನಾಯಿಯನ್ನು ಕಂಡರೆ ಎಡಕ್ಕೆ ಹೆಚ್ಚು ವಾಲುತ್ತಿತ್ತು. ಬೀದಿನಾಯಿಗಳ ಬಗ್ಗೆ ನಮ್ಮ ಊರುಗಳಲ್ಲಿ ಈಗ ನಡೆಯುತ್ತಿರುವ ಜಗಳದಲ್ಲಿ ಎರಡೂ ಕಡೆಯವರಿಗೆ ಈ ಅಕ್ಷರಾಭ್ಯಾಸ ಬೇಕು. ಎಲ್ಲ ಕಡಿತವನ್ನೂ ಇದರಿಂದ ತಡೆಯಲಾಗದು. ಹುಚ್ಚುರೋಗ ಹಿಡಿದ ನಾಯಿ ಯಾವ ಸೂಚನೆಯನ್ನೂ ಕೊಡದೆ ಕಚ್ಚಬಹುದು, ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಲೇಬೇಕು. ಆದರೆ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಓಡದೆ, ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತು, ನಾಯಿಗೆ ಹೋಗಲು ಒಂದು ದಾರಿ ಬಿಟ್ಟರೆ ಎಷ್ಟೋ ಕಡಿತಗಳು ನಡೆಯುವುದೇ ಇಲ್ಲ.

ಹೋದ ದೀಪಾವಳಿಯಲ್ಲಿ ಅಮ್ಮ ನನ್ನ ಮಗಳಿಗೆ ಕರಿಯನ ಕತೆ ಹೇಳುತ್ತಿದ್ದರು. ಹೊರಗೆ ಪಟಾಕಿ ಸದ್ದು. ನಮ್ಮ ಬೀದಿಯ ಕಂದು ನಾಯಿ ಗೇಟಿನೊಳಗೆ ನುಸುಳಿ ಸ್ಕೂಟರಿನ ಹಿಂದೆ ನಡುಗುತ್ತ ಕೂತಿತ್ತು. ನಾನೇ ಗೇಟು ತೆರೆದಿಟ್ಟಿದ್ದೆ.

"ಏಕಾಏಕಿ ಕಚ್ಬುಡ್ತು ಕಣೆ, ಅನ್ನ ಹಾಕೋ ಕೈನೇ" ಎಂದರು ಅಮ್ಮ.

"ಏಕಾಏಕಿ ಅಲ್ಲಮ್ಮ, ಮೂರು ದಿನದಿಂದ ಹೇಳ್ತಾನೇ ಇತ್ತು" ಎಂದೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನಾನು ಅಂದು ಅವನ ಆಕಳಿಕೆಗೆ ನಕ್ಕದ್ದನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಹಂಗಾದ್ರೆ ಮೊಟ್ಟೆ ತಿಂದಿದ್ದು ಯಾರೋ?"

ಮುಂಗುಸಿ ಇರಬಹುದು, ಕರಿಯನೇ ಇರಬಹುದು. ಅವನ ಮುಖದಲ್ಲಿ ಅದು ಬರೆದಿರಲಿಲ್ಲ.